ಹೊಸ್ತಿಲ ಮೇಲಿನ ಚೂರು

ನನ್ನ ಮೊದಲ ಭರಣಿ ಒಡೆದದ್ದು ಸೇತುವೆ ಊಟದ ಮಾರನೆಯ ಬೆಳಿಗ್ಗೆ. ಒಲೆಯ ಮುಂದೆ ಕೂತು ಸಾಸಿವೆ ಹುರಿಯುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಫಟ್ ಎಂದಿತು. ಹೋಗಿ ನೋಡಿದರೆ ನಿಂಬೆಕಾಯಿಯ ಭರಣಿ ನಡುಮಧ್ಯಕ್ಕೆ ಸೀಳಿ, ರಸ ಹರಿದು ಬಾಗಿಲವರೆಗೂ ಬಂದಿತ್ತು. ಬೆಕ್ಕು ಬಂದಿಲ್ಲ, ಇಲಿ ಓಡಿಲ್ಲ, ಮೇಲಿನಿಂದ ಏನೂ ಬಿದ್ದಿಲ್ಲ. ಸೀಳಿದ ಮೈ ಗೋಡೆಯ ಕಡೆಗಿತ್ತು. ಅಂದರೆ ಪಕ್ಕದ ಮನೆಯಲ್ಲಿ ಯಾರೋ ಸಿಟ್ಟು ನುಂಗಿದ್ದರು.

ನಮ್ಮೂರಿನಲ್ಲಿ ಹೀಗೇ. ನುಂಗಿದ ಸಿಟ್ಟು ನುಂಗಿದವರ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಗೋಡೆ ದಾಟಿ ಪಕ್ಕದ ಮನೆಯ ಮಡಕೆ ಒಡೆಯುತ್ತದೆ. ಮಡಕೆಯಾಗಲಿ, ಭರಣಿಯಾಗಲಿ, ಗಾಜಾಗಲಿ, ಒಟ್ಟಿನಲ್ಲಿ ಬೆಂಕಿಯಲ್ಲಿ ಬೆಂದು ಗಟ್ಟಿಯಾದದ್ದು ಯಾವುದಾದರೂ ಸರಿ. ಅದಕ್ಕೇ ನಮ್ಮ ಮನೆಗಳಿಗೆ ಹೆಂಚು ಹೊದಿಸುವುದಿಲ್ಲ, ತಗಡು ಹಾಕುತ್ತೇವೆ. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹೊಸದಾಗಿ ಬಾಡಿಗೆಗೆ ಬರುವವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುವ ಮೊದಲು, ಪಕ್ಕದವರು ಚೆನ್ನಾಗಿ ಜಗಳ ಆಡುತ್ತಾರೆಯೇ ಎಂದು ಕೇಳುತ್ತಾರೆ. ಆಡುತ್ತಾರೆ ಅಂದರೆ ನೆಮ್ಮದಿಯಿಂದ ಸಾಮಾನು ಇಳಿಸುತ್ತಾರೆ. ಗಾಜಿನ ಕನ್ನಡಕ ಹಾಕುವವರಂತೂ ಬಾಯಿಬಡುಕರ ಪಕ್ಕದಲ್ಲೇ ಮನೆ ಹುಡುಕುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ "ನಮ್ಮ ಹುಡುಗಿ ತುಂಬಾ ಸಾಧು" ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ, ಗಂಡಿನವರಿಗಿಂತ ಮೊದಲು ಗಂಡಿನ ಪಕ್ಕದ ಮನೆಯವರು ಎದ್ದು ಚಪ್ಪಲಿ ಹುಡುಕುತ್ತಾರೆ.

ನಾನು ಬಾಯಿಬಡುಕಿ. ತಾಯಮ್ಮ ಅಂತ ಹೆಸರು, ಊರಿಗೆಲ್ಲ ತಾಯಕ್ಕ. ಹಾಲಿಗೆ ನೀರು ಬೆರೆಸಿದರೆ ಬೀದಿಯಲ್ಲೇ ನಿಲ್ಲಿಸಿ ಮಂಗಳಾರತಿ ಎತ್ತುತ್ತೇನೆ. ಗಂಡ ತೀರಿಕೊಂಡ ದಿನ ಯಮನನ್ನೂ ಬಿಟ್ಟವಳಲ್ಲ. ಬೈದಾದ ಮೇಲೆ ಒಂದು ಚಮಚ ಉಪ್ಪಿನಕಾಯಿ ಕೊಟ್ಟು ಕಳಿಸುತ್ತೇನೆ, ಅದೂ ನಿಜ. ಉಪ್ಪಿನಕಾಯಿ ಹಾಕಿ ಮಾರುವುದು ನನ್ನ ಕಸುಬು. ನನ್ನಿಂದ ಯಾರ ಮನೆಯ ಒಂದು ಹಣತೆಯೂ ಒಡೆದಿರಲಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತಿದ್ದೆ.

ಕಸುಬು ಅತ್ತೆಯಿಂದ ಬಂದದ್ದು. "ಭರಣೀನ ಪಕ್ಕದ ಮನೆ ಗೋಡೆಗೆ ಇಡಬ್ಯಾಡ ಕಣೇ. ಆಚೆ ಕಡೆ ದೇವ್ರೇ ಇದ್ರೂ ನಂಬಬ್ಯಾಡ" ಎಂದು ಸಾಯುವವರೆಗೂ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಮನೆಯಲ್ಲಿ ತಂಪಾಗಿರುವ ಗೋಡೆ ಅದೊಂದೇ. ಮೇಲಾಗಿ ಆಚೆ ಕಡೆ ಇದ್ದವನು ಚನ್ನಿಗಪ್ಪ, ನನ್ನ ಬಾಯಲ್ಲಿ ಚನ್ನಿಗಣ್ಣ.

ಚನ್ನಿಗಪ್ಪ ದೊಡ್ಡ ಅಡುಗೆಯವನು. ಮದುವೆಯಿರಲಿ, ತೊಟ್ಟಿಲಿರಲಿ, ತಿಥಿಯಿರಲಿ, ಸೌಟು ಅವನ ಕೈಯಲ್ಲೇ. ಎಷ್ಟು ಎಲೆ ಬೀಳಲಿ, ಅವನ ದನಿ ಏರಿದ್ದನ್ನು ಕಂಡವರಿಲ್ಲ. ಕೈಯಾಳು ಸಾರಿಗೆ ಎರಡು ಸಲ ಉಪ್ಪು ಸುರಿದರೆ "ಹೋಗ್ಲಿ ಬಿಡಪ್ಪ, ಇನ್ನೊಂದಿಷ್ಟು ಬೇಳೆ ಬೇಯ್ಸಿ ಹಾಕು" ಅನ್ನುವವನು. ಇಂಥವನ ಪಕ್ಕದಲ್ಲಿ ಭರಣಿ ಇಟ್ಟುಕೊಂಡಿದ್ದಾಳಲ್ಲ ಎಂದು ನನಗಾಗಿ ಮರುಗಿದವರಿದ್ದರು. ಆದರೆ ವರ್ಷಗಳು ಕಳೆದರೂ ನನ್ನ ಮನೆಯ ಒಂದು ಬಟ್ಟಲೂ ಬಿರುಕು ಬಿಡಲಿಲ್ಲ. ಅವನು ಸಿಟ್ಟು ನುಂಗುವವನಲ್ಲ, ಅವನಿಗೆ ಮಂದಿಯ ಮೇಲೆ ಸಿಟ್ಟು ಬರುವುದೇ ಇಲ್ಲ ಎಂದು ನನಗೆ ಗೊತ್ತಾದದ್ದು ಹಾಗೆ. ಬೇರೆಯವರ ತಪ್ಪನ್ನು ಅವನು ಪಂಚೆಗೆ ಅಂಟಿದ ಹಿಟ್ಟಿನ ಹಾಗೆ ಕೊಡವಿಬಿಡುತ್ತಿದ್ದ. ಆ ಧೈರ್ಯದ ಮೇಲೆ ಒಂದೊಂದೇ ಭರಣಿಯನ್ನು ಆ ಗೋಡೆಗೆ ಸರಿಸಿದೆ. ಕಡೆಗೆ ಅತ್ತೆಯ ದೊಡ್ಡ ಭರಣಿಯನ್ನೂ ಅಲ್ಲೇ ಕೂರಿಸಿದೆ. ನನ್ನ ಸೊಂಟದೆತ್ತರದ ಭರಣಿ ಅದು. ವರ್ಷದ ಮಾವಿನ ಮಿಡಿಯೆಲ್ಲ ಅದರೊಳಗೆ ಉಪ್ಪಿಗೆ ಬೀಳುತ್ತದೆ. ಹದಕ್ಕೆ ಬರುವವರೆಗೆ ಯಾವ ಭರಣಿಯನ್ನೂ ಅಲ್ಲಾಡಿಸುವಂತಿಲ್ಲ. ಇದಂತೂ ತುಂಬಿದ ಮೇಲೆ ಆಳುಗಳು ಹಿಡಿದರೂ ಕದಲುವಂಥದ್ದಲ್ಲ. ನನ್ನ ವರ್ಷದ ಅನ್ನ ಆ ಭರಣಿಯಲ್ಲಿತ್ತು.

ಆ ವರ್ಷ ನಮ್ಮ ಹೊಳೆಗೆ ಸೇತುವೆ ಬಂತು. ಮೊದಲ ಬಸ್ಸು ದಾಟುವ ದಿನ ಊರಿಗೆಲ್ಲ ಊಟ. ಚನ್ನಿಗಣ್ಣ ಹೊಳೆದಂಡೆಯಲ್ಲೇ ಒಲೆ ಹೂಡಿ, ತನ್ನ ದೊಡ್ಡ ಕೊಪ್ಪರಿಗೆಯಲ್ಲಿ ಹೆಸರುಬೇಳೆ ಪಾಯಸ ಇಟ್ಟಿದ್ದ. ಆ ಪಾಯಸದ ರುಚಿಗೆ ಆಚೆ ದಡದವರೂ ತೆಪ್ಪ ಹಾಕಿಕೊಂಡು ಬರುತ್ತಿದ್ದರು. ಬೆಲ್ಲ ಬಿದ್ದ ಮೇಲೆ ಸೌಟು ನಿಲ್ಲುವಂತಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಬಸ್ಸು ಸೇತುವೆ ಹತ್ತಿತು, ಜನ ಹೋ ಎಂದರು, ಪಾಯಸದ ತಳ ಹಿಡಿಯಿತು. ಎಲೆಗೆ ಬಡಿಸಿದಾಗ ಸೀದ ನಾತ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಮಕ್ಕಳು ಥೂ ಎಂದು ಉಗಿದವು. ಯಾವನೋ ಪುಂಡ "ಸೀದ ಸೇತುವೆ" ಅಂದ; ಇವತ್ತಿಗೂ ಅದಕ್ಕೆ ಅದೇ ಹೆಸರು. ಚನ್ನಿಗಣ್ಣ ಎಲೆಗಳ ಮಧ್ಯೆ ನಿಂತು ಕೈ ಮುಗಿದ. "ತಪ್ಪಾಯ್ತು, ಎಲ್ರೂ ಮನ್ನಿಸ್ಬೇಕು" ಎಂದ. ನಗುನಗುತ್ತಲೇ ಅಂದ. ಹೊನ್ನಪ್ಪ ಮೇಷ್ಟ್ರು ಎದ್ದು ಬಂದು "ನೋಡಿ, ಸಂಯಮ ಅಂದ್ರೆ ಇದು" ಎಂದು ಅವನ ಬೆನ್ನು ತಟ್ಟಿದರು. ಮೇಷ್ಟ್ರ ಮನೆ ಇರುವುದು ನಾಲ್ಕು ಬೀದಿ ಆಚೆ. ತಟ್ಟುವುದಕ್ಕೆ ಅವರಿಗೇನು?

ಮಾರನೆಯ ದಿನ ನನ್ನ ನಿಂಬೆಕಾಯಿ ಹೋಯಿತು.

ಇದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಒಡೆದದ್ದರ ಚೂರೊಂದನ್ನು ಒಯ್ದು ಪಕ್ಕದ ಮನೆಯ ಹೊಸ್ತಿಲ ಮೇಲಿಟ್ಟು, ಮಾತಾಡದೆ ಹಿಂದಿರುಗಬೇಕು. ಆ ಮನೆಯಲ್ಲಿ ಸಿಟ್ಟು ನುಂಗಿದವರು ಚೂರನ್ನು ಬಲಗೈಯಲ್ಲಿ ಹಿಡಿದು, ಜಗಲಿಯ ಮೇಲೆ ಕೂತು, ಬೀದಿಗೆ ಕೇಳುವ ಹಾಗೆ ಯಾರ ಮೇಲೆ ಸಿಟ್ಟು ಎಂದು ಹೆಸರು ಹೇಳಬೇಕು. ಆ ಹೆಸರಿನವರನ್ನು ಕರೆಸುತ್ತಾರೆ. ಇಬ್ಬರೂ ಎದುರುಬದುರು ಕೂತು ಬಾಯಿತುಂಬ ಬೈದುಕೊಂಡು, ಒಂದೇ ಚೊಂಬಿನ ನೀರು ಕುಡಿದು ಏಳುತ್ತಾರೆ. ಅಲ್ಲಿಗೆ ಒಡೆಯುವುದು ನಿಲ್ಲುತ್ತದೆ. ನಿಲ್ಲದೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಮಾತಾಡದೆ ಹಿಂದಿರುಗುವುದು ಮಾತ್ರ ನನಗೆ ಯಾವತ್ತೂ ಆಗಿಬಂದಿಲ್ಲ.

"ಚನ್ನಿಗಣ್ಣಾ! ಬಾರೋ ಆಚೆಗೆ! ನನ್ನ ನಿಂಬೆಕಾಯಿ ಮಣ್ಣುಪಾಲಾಯ್ತು. ಯಾರ ಮೇಲೆ ಉರ್ಕೊಂಡಿದೀಯೋ ಅವರ ಹೆಸರು ಬೊಗಳು ಮೊದ್ಲು!"

ಅವನು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಳ್ಳುತ್ತ ಬಂದು ಚೂರನ್ನು ನೋಡಿದ. ಮುಖ ಬಾಡಿತು. "ನನಗ್ಯಾರ ಮೇಲಕ್ಕ ಸಿಟ್ಟು? ಬೇಕಾದ್ರೆ ಲಕ್ಕಮ್ಮನ್ನ ಕೇಳು" ಎಂದ.

ಲಕ್ಕಮ್ಮ ಅವನ ಹೆಂಡತಿ. ಅವಳು ಬಾಗಿಲ ಸಂದಿಯಿಂದ "ಸೌದೆ ಹಸಿ ಇತ್ತು ಅಂತಿದ್ರಲ್ಲ, ಬೋರಯ್ಯನ ಮೇಲಿರ್ಬೇಕು" ಎಂದಳು. ಚನ್ನಿಗಣ್ಣ ವಿಧೇಯನಾಗಿ ಚೂರು ಹಿಡಿದು ಬೋರಯ್ಯನ ಹೆಸರು ಹೇಳಿದ. ಸೌದೆ ಬೋರಯ್ಯ ಬಂದ, ಎದುರು ಕೂತ. ಬೈದದ್ದೆಲ್ಲ ಬೋರಯ್ಯನೇ. ಚನ್ನಿಗಣ್ಣ "ಹೌದಪ್ಪ, ನೀ ಹೇಳೋದು ಸರಿ" ಅನ್ನುತ್ತ ತಲೆ ಆಡಿಸುತ್ತಿದ್ದ. ನೀರು ಕುಡಿದು ಎದ್ದರು. ಮಾರನೆಯ ದಿನ ನನ್ನ ಮಾಗಳಿಬೇರಿನ ಭರಣಿ ಒಡೆಯಿತು.

ಆಮೇಲೆ ಕೈಯಾಳಿನ ಹೆಸರು ಹೇಳಿದ. ನೆಲ್ಲಿಕಾಯಿ ಹೋಯಿತು. ಬಸ್ಸಿನ ಡ್ರೈವರ್ ಹೆಸರು ಹೇಳಿದ, ಅವನು ಸೇತುವೆ ಮೇಲೆ ಹಾರನ್ ಹೊಡೆದನಂತೆ. ಪಾಪ, ಆ ಡ್ರೈವರ್ ಆಚೆ ಊರಿನವನು. ಏನೂ ಅರ್ಥವಾಗದೆ ಎದುರು ಕೂತು ಅತ್ತೇಬಿಟ್ಟ. ಒಣಮೆಣಸಿನಕಾಯಿಯ ಭರಣಿ ಹೋಯಿತು. ತಪ್ಪು ಲಕ್ಕಮ್ಮನದೇ ಇರಬಹುದು ಎಂದು ಬೀದಿಯವರು ಗುಸುಗುಸು ಅಂದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಗೆ ಬಂದು ಕೂತವಳು, ಅತ್ತೆ, ನಾದಿನಿ, ಸೋದರತ್ತೆ, ಮದುವೆಯಲ್ಲಿ ಸೀರೆ ಬದಲಾಯಿಸಿದ ಚಿಕ್ಕಮ್ಮ ಎಂದು ಊಟದ ಹೊತ್ತಿನವರೆಗೂ ಹೆಸರು ಹೇಳಿದಳು. ಎದ್ದಾಗ ಅವಳ ಮುಖ ಬೆಳಗುತ್ತಿತ್ತು. ನನ್ನ ಹೇರಳೆಕಾಯಿ ಮಾತ್ರ ಸಂಜೆಗೆ ನೆಲ ಸೇರಿತು.

ಕಡೆಗೆ ಅವನು ನನ್ನ ಹೆಸರು ಹೇಳಿದ. "ತಾಯಕ್ಕನ ಮೇಲಿರ್ಬೋದೇನೋ" ಎಂದ, ತಲೆ ತಗ್ಗಿಸಿಕೊಂಡು.

ನನಗೆ ಬಂದ ಸಿಟ್ಟು ಇಷ್ಟೇ ಅಂತ ಹೇಳಲಾರೆ. ಒಡೆದದ್ದು ನನ್ನದು, ಸುರಿದು ಹೋದದ್ದು ನನ್ನದು, ಅದರ ಮೇಲೆ ನಾನೇ ತಪ್ಪಿತಸ್ಥೆ! ಎದುರು ಕೂತು ಅವನ ಜನ್ಮ ಜಾಲಾಡಿದೆ. ನನ್ನ ಬೈಗುಳ ಕೇಳಲು ಪಕ್ಕದ ಬೀದಿಯವರು ಬಂದು ನಿಂತರು. ಅವನು ಎಲ್ಲದಕ್ಕೂ ಹೂಂ ಅಂದ. ಬೈದು ಬೈದು ನನ್ನ ಗಂಟಲು ಒಣಗಿತು, ಚೊಂಬಿನ ನೀರೆಲ್ಲ ನಾನೇ ಕುಡಿದೆ. ಅಷ್ಟರಲ್ಲಿ ಮೇಷ್ಟ್ರು ಬಂದರು. ಚನ್ನಿಗಪ್ಪನಿಗೆ ಸಂಯಮ ಇನ್ನೂ ಸಾಲದಾಗಿದೆ, ಅಷ್ಟೇ ಎಂದರು. ಸಿಟ್ಟು ಬರುವ ಹಾಗಾದಾಗ ಹಲ್ಲು ಕಚ್ಚಿ ಹಿಡಿಯಬೇಕು, ತಣ್ಣೀರು ಕುಡಿಯಬೇಕು, ಮನಸ್ಸಿಗೆ ಬೇಲಿ ಹಾಕಬೇಕು ಎಂದು ಹೇಳಿಕೊಟ್ಟರು. ಹೇಳಿದ ಮಾತು ಮೀರುವವನಲ್ಲ ಚನ್ನಿಗಣ್ಣ. ಹಲ್ಲು ಕಚ್ಚಿ ಹಿಡಿದ. ಮಾರನೆಯ ದಿನ ಎರಡು ಭರಣಿ ಒಟ್ಟಿಗೆ ಸಿಡಿದವು. ಚೂರು ಹಾರಿ ಎದುರು ಗೋಡೆಗೆ ನಾಟಿತು. ನಾನು ಮೇಷ್ಟ್ರ ಶಾಲೆಯವರೆಗೂ ನಡೆದು ಹೋಗಿ, ಪಾಠದ ನಡುವೆಯೇ ಅವರ ಬೇಲಿಗೆ ಬೆಂಕಿ ಹಚ್ಚಿ ಬಂದೆ. ಬಾಯಲ್ಲೇ ಹಚ್ಚಿದ್ದು.

ಈಗ ಆ ಗೋಡೆಗೆ ಉಳಿದದ್ದು ಅತ್ತೆಯ ದೊಡ್ಡ ಭರಣಿ ಒಂದೇ. ಅದಕ್ಕೆ ಸುತ್ತ ತೆಂಗಿನ ಹುರಿ ಬಿಗಿದೆ. ಗೋಡೆಗೂ ಅದಕ್ಕೂ ನಡುವೆ ಹಳೆಯ ರಗ್ಗು ತುರುಕಿದೆ. ಹುರಿಯಿಂದ, ರಗ್ಗಿನಿಂದ ಏನೂ ಆಗುವುದಿಲ್ಲ ಎಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೂ ಬಿಗಿದೆ.

ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಮುಸುರೆ ತಿಕ್ಕುತ್ತಿದ್ದೆ. ಟಿಕ್ ಎಂದು ಸಣ್ಣ ಸದ್ದು ಬಂತು. ಓಡಿ ಹೋದೆ. ದೊಡ್ಡ ಭರಣಿಯ ಕತ್ತಿನಿಂದ ಕೂದಲೆಳೆಯಂಥ ಗೆರೆಯೊಂದು ಇಳಿದಿತ್ತು. ಮುಚ್ಚಳ ಸರಿಸಿ, ಉಪ್ಪುನೀರು ಇಳಿದಿದೆಯೇ ಎಂದು ಕೈಯಿಳಿಸಿ ನೋಡಿದೆ. ಇನ್ನೂ ಇಳಿದಿರಲಿಲ್ಲ. ಮುಚ್ಚಿ, ಬಟ್ಟೆ ಕಟ್ಟಿ, ಚೂರುಪಾರು ಏನೂ ಇಲ್ಲದೆ ಬರಿಗೈಯಲ್ಲಿ ಪಕ್ಕದ ಮನೆಗೆ ನುಗ್ಗಿದೆ. ಇವತ್ತು ಅವನ ನಾಲಿಗೆ ಹಿಡಿದು ಎಳೆದಾದರೂ ಹೆಸರು ಹೊರಗೆ ತೆಗೆಯಬೇಕು ಎಂದುಕೊಂಡೆ.

ಚನ್ನಿಗಣ್ಣ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಕೊಪ್ಪರಿಗೆ ತಿಕ್ಕುತ್ತಿದ್ದ. ಅದೇ ಪಾಯಸದ ಕೊಪ್ಪರಿಗೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದ. ಅದರಲ್ಲಿ ತಿಕ್ಕಲು ಏನೂ ಉಳಿದಿರಲಿಲ್ಲ, ಹೊಸ ತಾಮ್ರದ ಹಾಗೆ ಹೊಳೆಯುತ್ತಿತ್ತು. ಅವನ ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

ಲಕ್ಕಮ್ಮ ಮೂಲೆಯಲ್ಲಿ ನಿಂತಿದ್ದಳು. "ಆವತ್ತಿಂದ ಹಿಂಗೇ ಕಣಕ್ಕ" ಎಂದಳು. "ದಿನಾ ತಿಕ್ತಾರೆ. ಮಾಡಿದ ಅನ್ನ ಉಣ್ಣಲ್ಲ. ತಳದಲ್ಲಿ ಕೆರೆದ ಸೀಕಲು ಒಣಗಿಸಿ ಇಟ್ಕೊಂಡವ್ರೆ, ಅದನ್ನೇ ನೀರಲ್ಲಿ ನೆನೆಸಿ ತಿಂತಾರೆ. ನಾನು ಎಸೆದ್ರೆ ತಿಪ್ಪೇಲಿ ಹುಡುಕ್ಕೊಂಡು ಬರ್ತಾರೆ."

ಅವನು ತಲೆ ಎತ್ತಲಿಲ್ಲ. ಆದರೆ ಅವನ ತುಟಿ ಅಲುಗುತ್ತಿತ್ತು.

"ಏನದು, ಬಾಯಲ್ಲಿ ಮಣಮಣ?" ಎಂದೆ.

"ಏನಿಲ್ಲಕ್ಕ."

"ಏನಿಲ್ಲ ಅಂತ ನನ್ನ ಭರಣಿಗೆ ಹೋಗಿ ಹೇಳು! ದೊಡ್ಡದಕ್ಕೂ ಬಿರುಕು ಬಿಟ್ಟದೆ ಕಣೋ. ಅದು ಹೋದ್ರೆ ನಾನು ತಟ್ಟೆ ಹಿಡಿದು ನಿಲ್ಲಬೇಕು. ಅದೇನು ಗೊಣಗ್ತಿದೀಯೋ ಗಟ್ಟಿಯಾಗಿ ಹೇಳು."

ದೊಡ್ಡ ಭರಣಿ ಅಂದದ್ದಕ್ಕೆ ಅವನ ಕೈ ನಿಂತಿತು. ಆಮೇಲೆ ಹೇಳಿದ. ದನಿ ಏರಿಸಲಿಲ್ಲ. ದಿನಾ ಹೇಳಿ ಹೇಳಿ ಸವೆದ ಮಗ್ಗಿಯ ಹಾಗೆ ಒಂದೇ ಸಮನೆ ಹೇಳಿದ.

"ಥೂ, ನಾಲಾಯಕ್ಕೇ. ಸೌಟು ಬಿಟ್ಟು ಸೇತುವೆ ನೋಡೋಕೆ ಓಡಿದೆಯಲ್ಲ, ಚಪಲದ ಮುಂಡೇದೇ. ನಿನ್ನ ಕಣ್ಣು ಇಂಗಿ ಹೋಗ. ಊರೋರಿಗೆ ಸೀದದ್ದು ಉಣ್ಣಿಸಿದ ಕೈ ಇದು, ಇದಕ್ಕೆ ಕೊಳ್ಳಿ ಇಡಬೇಕು. ನಿನಗೆ ಅನ್ನ ಬೇರೆ ಕೇಡು. ಇಷ್ಟು ವರ್ಷ ದೊಡ್ಡ ಅಡಿಗೆಯೋನು ಅಂತ ಎಲ್ಲರ ಕಣ್ಣಿಗೆ ಮಣ್ಣೆರಚಿದೆ, ಈಗ ಬಣ್ಣ ಬಯಲಾಯ್ತು. ಇನ್ನು ನಿನ್ನ ನಾಯಿನೂ ಮೂಸಲ್ಲ."

ನಾನು ಬಂದದ್ದು ಅವನನ್ನು ಬೈಯಲಿಕ್ಕೆ. ನಾಲಾಯಕ್ಕು ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದೇ ಮಾತು ಅವನ ಬಾಯಿಂದ, ಅವನ ಮೇಲೆಯೇ ಬಿದ್ದದ್ದನ್ನು ಕೇಳಿ ನನ್ನ ಮೈ ಉರಿದುಹೋಯಿತು. ಅಳುವೂ ಬಂತು, ಆದರೆ ಮೊದಲು ಬಂದದ್ದು ಸಿಟ್ಟೇ. ನಾನು ಎಷ್ಟೇ ಬೈದರೂ ಒಬ್ಬರನ್ನೂ ಹೀಗೆ ಬೈದವಳಲ್ಲ. ನನ್ನ ಬೈಗುಳದಲ್ಲಿ ಎದ್ದು ಹೋಗಲು ಬಾಗಿಲಿರುತ್ತದೆ. ಇವನು ಬಾಗಿಲಿಗೆ ಅಗುಳಿ ಹಾಕಿ, ಒಳಗೆ ಒಬ್ಬನನ್ನೇ ಕೂಡಿಹಾಕಿ ಬಡಿಯುತ್ತಿದ್ದ.

"ಏಯ್! ಬಾಯ್ಮುಚ್ಚು!" ಎಂದು ಕಿರುಚಿದೆ. ಲಕ್ಕಮ್ಮ ಬೆಚ್ಚಿ ಗೋಡೆಗೆ ಒರಗಿದಳು. "ಯಾರನ್ನ ಅಂತ ತಿಳ್ಕೊಂಡು ಬೈತಿದೀಯ? ನಮ್ಮ ಚನ್ನಿಗಣ್ಣನ್ನ ಹಿಂಗನ್ನೋಕೆ ನೀನ್ಯಾವನೋ? ನನ್ನ ಗಂಡ ಸತ್ತಾಗ ಕರೀದೇ ಬಂದು ತಿಥಿ ಅಡಿಗೆ ಮಾಡಿ, ನನ್ನ ಬಾಯಿಗೆ ಎರಡು ತುತ್ತು ಹಾಕಿ ಹೋದೋನು ಅವನು. ಈ ಬೀದೀಲಿ ಅವನ ಕೈ ಅನ್ನ ಉಣ್ಣದೇ ಇರೋ ಹೊಟ್ಟೆ ಇದೆಯೇನೋ? ಬೇರೆ ಯಾವನಾದ್ರೂ ಈ ಮಾತು ಅಂದಿದ್ರೆ ಒನಕೆ ತಂದು ಹಲ್ಲು ಉದುರಿಸ್ತಿದ್ದೆ!"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಬೇರೆಯೋರಲ್ಲವಲ್ಲಕ್ಕ, ನಾನೇ ಅಲ್ವಾ ಅಂದಿದ್ದು?"

"ನೀನಾದ್ರೇನು? ನಿನಗ್ಯಾರು ಕೊಟ್ರು ಅಧಿಕಾರ? ನಿನ್ನ ಕೈಯಾಳು ಸೌಟು ಬಿಟ್ಟು ಸೇತುವೆ ನೋಡೋಕೆ ಓಡಿದ್ರೆ ಏನಂತಿದ್ದೆ? ಹಿಂಗೆ ಕೊಳ್ಳಿ ಇಡ್ತಿದ್ದೆಯಾ?"

ಅವನು ನಿಜವಾಗಿಯೂ ಯೋಚಿಸಿದ. "ಇಲ್ಲ. ಹೋಗ್ಲಿ ಬಿಡಪ್ಪ ಅಂತಿದ್ದೆ."

"ಆಮೇಲೆ?"

"ಆಮೇಲೆ ಉಣ್ಣೋಕೆ ಹಾಕ್ತಿದ್ದೆ."

"ಆಮೇಲೆ?"

"ಸೇತುವೆ ಮೇಲೆ ಬಸ್ಸು ಹೆಂಗೆ ಹೋಯ್ತೋ ಅಂತ ಕೇಳ್ತಿದ್ದೆ."

"ಹಂಗಾದ್ರೆ ಆ ಚನ್ನಿಗಣ್ಣನ್ನೂ ಹಂಗೇ ಕೇಳು" ಎಂದೆ. ನನ್ನ ಸಿಟ್ಟಿನ್ನೂ ಇಳಿದಿರಲಿಲ್ಲ.

ಅವನು ಕೊಪ್ಪರಿಗೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ತೀರಾ ಸಣ್ಣ ದನಿಯಲ್ಲಿ "ಚೆನ್ನಾಗಿತ್ತು ಕಣಕ್ಕ" ಎಂದ. "ಬಸ್ಸು ಮಧ್ಯಕ್ಕೆ ಬಂದಾಗ ಕೆಳಗೆ ನೀರೊಳಗೂ ಒಂದು ಬಸ್ಸು ಹೋಗ್ತಿತ್ತು. ಎರಡೂ ಜೊತೇಲೇ ದಡ ಮುಟ್ಟಿದ್ವು. ನಾನು ಹುಟ್ಟಿದಾಗಿನಿಂದ ಈ ಹೊಳೇನ ತೆಪ್ಪದಲ್ಲೇ ದಾಟಿದೋನು. ಒಂದ್ ಸಲ ನೋಡಬೇಕು ಅನ್ನಿಸ್ತು." ಅಂದವನೇ ಬೂದಿ ಮೆತ್ತಿದ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಲಕ್ಕಮ್ಮ ತಟ್ಟೆಗೆ ಬಿಸಿ ಅನ್ನ ಹಾಕಿ, ತುಪ್ಪ ಬಿಟ್ಟು, ಅವನ ಮುಂದೆ ಇಟ್ಟಳು.

ಊಟವಾದ ಮೇಲೆ ಅವನು ಹಳೆಯ ಚೂರೊಂದನ್ನು ಹಿಡಿದು ಜಗಲಿಗೆ ಬಂದು, "ಚನ್ನಿಗಪ್ಪನ ಮೇಲೆ" ಎಂದು ಕೂಗಿ ಹೇಳಿದ. ಬೀದಿ ಕಕ್ಕಾಬಿಕ್ಕಿಯಾಯಿತು. ಯಾವ ಚನ್ನಿಗಪ್ಪ ಎಂದು ಕೇಳಿದರು. ಅಂಥದ್ದೊಂದು ಹೆಸರು ಹೇಳಬಹುದೆಂದು ನಮ್ಮೂರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎದುರು ಯಾರನ್ನು ಕೂರಿಸುವುದು ಎಂದು ದೊಡ್ಡ ಚರ್ಚೆ ನಡೆದು, ಕಡೆಗೆ ಎದುರಿನ ಮಣೆ ಖಾಲಿ ಬಿಟ್ಟರು. ಚೊಂಬಿನ ನೀರನ್ನು ಹಂಚಿಕೊಳ್ಳುವವರಿಲ್ಲದೆ ಅವನೊಬ್ಬನೇ ಕುಡಿದ.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ರೂಢಿಯಾದ ಬಾಯಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಎರಡು ದಿನ ಸುಮ್ಮನಿದ್ದ ಗೆರೆ ಮೂರನೆಯ ದಿನ ಒಂದು ಬೆರಳು ಕೆಳಗಿಳಿಯುತ್ತಿತ್ತು. ನಾನು ಒನಕೆ ತೆಗೆದುಕೊಂಡು ಗೋಡೆಗೆ ದಬದಬ ಕುಟ್ಟಿ, "ಚನ್ನಿಗಣ್ಣಾ! ಯಾರನ್ನೋ ಬೈತಿರೋದು?" ಎಂದು ಕೂಗುತ್ತಿದ್ದೆ. ಆಚೆಯಿಂದ "ಇಲ್ಲ ಇಲ್ಲ, ಬಿಟ್ಟೆ ಬಿಟ್ಟೆ" ಅನ್ನುತ್ತಿದ್ದ. ಒಂದೊಂದು ಸಲ ತಡವಾಗಿ ಅನ್ನುತ್ತಿದ್ದ. ನಮ್ಮಿಬ್ಬರಿಗೂ ಅದೇ ಕೆಲಸವಾಯಿತು. ನಡುವೆ ಅವನು ಒಂದು ಸಣ್ಣ ನಾಮಕರಣದ ಅಡುಗೆ ಒಪ್ಪಿಕೊಂಡ. ಪಾಯಸ ಮಾಡಲಿಲ್ಲ, ಕೇಸರಿಬಾತು ಮಾಡಿದ. ಗೆರೆ ಭರಣಿಯ ಹೊಟ್ಟೆಯವರೆಗೆ ಬಂದು ಅಲ್ಲೇ ನಿಂತಿತು. ಹುರಿ ಬಿಗಿದ ಹಾಗೇ ಇತ್ತು, ಭರಣಿ ಉಳಿಯಿತು.

ಮಿಡಿ ಹದಕ್ಕೆ ಬರುವ ಹೊತ್ತಾಯಿತು. ಒಳ್ಳೆಯ ವಾರ ನೋಡಿ, ತಲೆಗೆ ಸ್ನಾನ ಮಾಡಿ, ಕೈಯನ್ನು ಚೆನ್ನಾಗಿ ಒರೆಸಿಕೊಂಡು ಭರಣಿಯ ಬಟ್ಟೆ ಬಿಚ್ಚಿದೆ. ಮುಚ್ಚಳ ತೆಗೆದ ಕೂಡಲೇ ನಾತ ಮೂಗಿಗೆ ಹೊಡೆಯಿತು. ಮೇಲೆ ಬಿಳಿ ಬೂಸಲು ಕಟ್ಟಿತ್ತು. ಸೌಟಿನಿಂದ ಸರಿಸಿ ಒಂದು ಮಿಡಿ ಎತ್ತಿದೆ. ಹಿಚುಕಿದರೆ ಅಂಬಲಿಯಂತೆ ಬೆರಳ ಸಂದಿಯಿಂದ ಇಳಿಯಿತು. ಕೆಳಗಿನವೂ ಹಾಗೇ, ತಳದವೂ ಹಾಗೇ. ಇಡೀ ಭರಣಿ ಕೊಳೆತಿತ್ತು.

ಯಾಕೆಂದು ಹುಡುಕಬೇಕಾಗಿರಲಿಲ್ಲ. ಗೆರೆ ಬಿಟ್ಟ ದಿನ ಮುಸುರೆ ತಿಕ್ಕುತ್ತಿದ್ದ ಒದ್ದೆ ಕೈಯನ್ನೇ ಅದರೊಳಗೆ ಇಳಿಸಿದ್ದೆ. ಉಪ್ಪಿನಕಾಯಿಗೆ ಹಸಿ ಕೈ ಹಾಕಬಾರದು ಎಂದು ಸ್ಲೇಟು ಹಿಡಿಯುವ ಹುಡುಗಿಗೂ ಗೊತ್ತು.

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಚನ್ನಿಗಣ್ಣನನ್ನು ಬೈಯುವಂತಿಲ್ಲ, ಭರಣಿಯನ್ನು ಉಳಿಸಿಕೊಟ್ಟವನು ಅವನೇ. ಮೇಷ್ಟ್ರಿಲ್ಲ, ಬೋರಯ್ಯನಿಲ್ಲ, ಯಮನೂ ಇಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು. ನನ್ನ ಜನ್ಮದಲ್ಲಿ ಮೊದಲ ಸಲ. ಭರಣಿಯ ಪಕ್ಕ ನೆಲದ ಮೇಲೆ ಕೂತೆ. ಬೈಗುಳ ಒಳಗೊಳಗೇ ಶುರುವಾಯಿತು. ಊರಿಗೆಲ್ಲ ಬುದ್ಧಿ ಹೇಳುವವಳು, ಅತ್ತೆಯ ಮಾತು ಮೀರಿದವಳು, ಎಲ್ಲ ಭರಣಿಗಳನ್ನೂ ತಾನೇ ಒಯ್ದು ಆ ಗೋಡೆಗೆ ಒಡ್ಡಿದವಳು, ಉಳಿದದ್ದನ್ನೂ ತನ್ನ ಕೈಯಾರೆ ಕೊಳೆಸಿದವಳು.

ಗೋಡೆಯ ಆಚೆ ಫಟ್ ಎಂದಿತು. ನೀರು ಸುರಿದ ಸದ್ದು, ಲಕ್ಕಮ್ಮ "ಅಯ್ಯಯ್ಯೋ" ಎಂದದ್ದು ಕೇಳಿತು.

ಕೊಂಚ ಹೊತ್ತಿಗೆ ಚನ್ನಿಗಣ್ಣ ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಕುಡಿಯುವ ನೀರಿನ ಮಡಕೆಯ ಚೂರಿತ್ತು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹೊಸ್ತಿಲ ಮೇಲಿಟ್ಟು ಹೋಗಲಿಲ್ಲ. ಒಳಗೆ ಬಂದು, ತೆರೆದ ಭರಣಿಯನ್ನೂ ನನ್ನ ಮುಖವನ್ನೂ ನೋಡಿ, ಚೂರನ್ನು ನನ್ನ ಬಲಗೈಗೆ ಇಟ್ಟ. ನನ್ನನ್ನು ಎಬ್ಬಿಸಿ ಜಗಲಿಗೆ ಕರೆತಂದು ಕೂರಿಸಿದ.

"ಯಾರ ಮೇಲಕ್ಕ?"

"ಇನ್ಯಾರ ಮೇಲೆ? ತಾಯಮ್ಮ ಅಂತ ಒಬ್ಬಳಿದಾಳಲ್ಲ, ಅವಳ ಮೇಲೆ."

"ಏನಂತಿದೀಯ ಅವಳಿಗೆ? ಗಟ್ಟಿಯಾಗಿ ಹೇಳು."

ಹೇಳಿದೆ. ಒಳಗೆ ಅಂದುಕೊಂಡದ್ದನ್ನೆಲ್ಲ ಹೇಳಿದೆ. "ಹಾಳು ಮುಂಡೆ, ಬರೀ ಬಾಯಿ, ತಲೇಲಿ ಹುಲ್ಲಷ್ಟೇ. ಇವಳ ಕೈಗೆ ಕಸುಬು ಕೊಟ್ಟಿದ್ದೇ ಅತ್ತೆ ಮಾಡಿದ ಪಾಪ. ಗಂಡನ್ನ ಉಳಿಸ್ಕೊಳ್ಳಲಿಲ್ಲ, ಒಂದು ಭರಣಿ ಮಿಡಿ ಉಳಿಸ್ಕೊಳ್ಳಲಿಲ್ಲ, ಇವಳು ಇದ್ರೆಷ್ಟು, ಹೋದ್ರೆಷ್ಟು" ಎಂದೆ. ಗಂಡನ ಮಾತು ಎಲ್ಲಿಂದ ಬಂತೋ ನನಗೇ ಗೊತ್ತಾಗಲಿಲ್ಲ.

ಚನ್ನಿಗಣ್ಣನ ಮುಖ ನೋಡುತ್ತಿದ್ದ ಹಾಗೆ ಕೆಂಪೇರಿತು. ಕತ್ತಿನ ನರ ಉಬ್ಬಿತು. ಅಂಥ ಮುಖವನ್ನು ನಾನು ಅವನಲ್ಲಿ ಎಂದೂ ಕಂಡಿರಲಿಲ್ಲ. ಹೆಗಲ ಮೇಲಿನ ವಲ್ಲಿ ಕಿತ್ತು ನೆಲಕ್ಕೆ ಬೀಸಿ ಒಗೆದ.

"ಏಯ್!" ಎಂದ. ಸೂರಿನ ತಗಡು ಝಣ್ ಎಂದಿತು. "ಸಾಕು ಮುಚ್ಚು ಬಾಯಿ! ನಮ್ಮ ತಾಯಕ್ಕನ್ನ ಹಂಗನ್ನೋಕೆ ನೀನ್ಯಾವಳೇ?"

ಬೀದಿಯ ಬಾಗಿಲುಗಳೆಲ್ಲ ಪಟಪಟ ತೆರೆದವು. ಯಾರು ಕೂಗಿದ್ದು, ಯಾರು ಕೂಗಿದ್ದು ಎನ್ನುತ್ತ ಜನ ಓಡಿ ಬಂದರು. ಬಂದವರೆಲ್ಲ ವಾಡಿಕೆಯ ಪ್ರಕಾರ ನನ್ನ ಕಡೆಗೇ ತಿರುಗಿದರು.

ಚೂರನ್ನು ಕೈಯಲ್ಲಿ ಹಿಡಿದುಕೊಂಡೇ, ಮೂಗು ಒರೆಸಿಕೊಳ್ಳುತ್ತ, "ಈ ಸಲ ನಾನಲ್ಲ" ಎಂದೆ.